ಮೆಣಸಿನಕಾಯಿ ಮಂಡಿಯಲ್ಲಿ ಸೀನಲಾರದ ಸೊಸೆ

ಮೆಣಸಿನಕಾಯಿ ವ್ಯಾಪಾರಿಯ ಮನೆಗೆ ಸೊಸೆಯಾಗಿ ಹೋದವಳು ಸೀನದೆ ಬದುಕಲು ಆಗುತ್ತದೆಯೇ? ನಾನು ಬದುಕಿದೆ. ವರ್ಷದ ಮೇಲೆ ಬದುಕಿದೆ. ಆ ಪಾಡು ನನ್ನ ಶತ್ರುವಿಗೂ ಬೇಡ. ಈಗ ನನ್ನ ತಲೆ ಪೂರ್ತಿ ನರೆತಿದೆ, ಯಾರ ಹಂಗೂ ಇಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಓದಿ ಮೂಗು ಮುರಿಯುವವರು ಮುರಿಯಲಿ. ಅವರ ಮನೆಯಲ್ಲೂ ಹೆತ್ತ ಹೆಂಗಸರು ಇದ್ದೇ ಇರುತ್ತಾರೆ.

ನಮ್ಮ ಮನೆ ಇದ್ದದ್ದು ಚಿತ್ರದುರ್ಗದಲ್ಲಿ, ಕೋಟೆಯ ಬುಡದ ಪೇಟೆಯಲ್ಲಿ. ಮುಂದೆ ಮಂಡಿ, ಹಿಂದೆ ಮನೆ, ನಡುವೆ ಒಂದೇ ಒಂದು ಬಾಗಿಲು. ಆಗ ಹಿರಿಯೂರಿನ ಕಡೆ ಮಾರಿಕಣಿವೆಯಲ್ಲಿ ದೊಡ್ಡ ಕಟ್ಟೆ ಕಟ್ಟುತ್ತಿದ್ದ ಕಾಲ. ಕಲ್ಲು ಹೊರುವ ಅಷ್ಟೂ ಜನಕ್ಕೆ ಮುದ್ದೆಯ ಜೊತೆ ಖಾರ ಬೇಕಲ್ಲ, ನಮ್ಮ ಮಂಡಿಯಿಂದ ಗಾಡಿಗಟ್ಟಲೆ ಒಣಮೆಣಸಿನಕಾಯಿ ಹೋಗುತ್ತಿತ್ತು. ಮೂಟೆ ಬಿಚ್ಚಿದರೆ ಸಾಕು, ಮನೆ ಮಂದಿಯೆಲ್ಲ ಸೀನುವವರೇ. ನಮ್ಮನೆಯವರು ಸೀನಿ ‘ಶಿವಾ’ ಎನ್ನುವರು. ನಮ್ಮ ಅತ್ತೆ ಸೀನಿದರೆ ಕೊಟ್ಟಿಗೆಯಲ್ಲಿ ಹಸು ಎದ್ದು ನಿಲ್ಲುತ್ತಿತ್ತು. ನಮ್ಮ ಮನೆಗೆ ಬಂದ ನೆಂಟರು ಊಟ ಮುಗಿಯುವಷ್ಟರಲ್ಲಿ ಕಣ್ಣು ಮೂಗು ಒರೆಸಿಕೊಂಡು ಹೊರಡುತ್ತಿದ್ದರು. ನೋಡಿದವರು ಏನೋ ದುಃಖದ ಸುದ್ದಿ ಕೇಳಿ ಬಂದರು ಅಂದುಕೊಳ್ಳಬೇಕು, ಹಾಗೆ.

ನನ್ನ ಹೆಸರು ಪೇಟೆಯಲ್ಲಿ ಕೆಟ್ಟಿದ್ದು ಸೀನಿಗಲ್ಲ, ನಗುವಿಗೆ. ನಾನು ನಕ್ಕರೆ ಬೀದಿಯ ತುದಿಗೆ ಕೇಳುತ್ತಿತ್ತು. ‘ಮೆಲ್ಲಗೆ ನಗೇ, ಇದೇನು ರಾಗಿ ಒಕ್ಕೋ ಕಣವಾ?’ ಎಂದು ಅತ್ತೆ ಗದರುವರು. ನಮ್ಮನೆಯವರಿಗೆ ಮಾತ್ರ ಆ ನಗುವೆಂದರೆ ಪ್ರಾಣ. ಮಂಡಿ ಮುಚ್ಚಿ ಒಳಗೆ ಬರುವಾಗ ಗಾಡಿಯವರ ಹತ್ತಿರ ಕೇಳಿದ ಯಾವುದಾದರೂ ತಮಾಷೆಯನ್ನು ಬಾಯಲ್ಲಿ ಇಟ್ಟುಕೊಂಡೇ ಬರುತ್ತಿದ್ದರು. ಹೇಳಿ ಮುಗಿಸಿ, ನಾನು ನಗುವುದನ್ನು ಕಾಯುತ್ತಾ ನಿಲ್ಲುತ್ತಿದ್ದರು. ಅವರಿಗೆ ಕತೆ ಹೇಳಲು ಬರುತ್ತಿರಲಿಲ್ಲ, ಅರ್ಧಕ್ಕೇ ತಾವೇ ನಕ್ಕುಬಿಡುವರು. ನನಗೆ ಅದಕ್ಕೇ ನಗು ಬರುತ್ತಿತ್ತು.

ಮೂರನೆಯ ಹೆರಿಗೆ ಆದಾಗ ನನಗೆ ಮೂವತ್ತು ದಾಟಿತ್ತು. ಮಗು ದಪ್ಪ, ಹೆರಿಗೆ ಕಷ್ಟ, ಅಂತೂ ಇಬ್ಬರೂ ಉಳಿದೆವು. ಹೊಟ್ಟೆ ಕಟ್ಟಿದರು, ಬಿಸಿನೀರು ಎರೆದರು, ಖಾರ ತಿನ್ನಿಸಿದರು, ಬಾಣಂತನಕ್ಕೆ ಒಂದು ಕುಂದೂ ಇಲ್ಲ. ಕೋಣೆಯಿಂದ ಎದ್ದು ಅಡಿಗೆಮನೆಗೆ ಬಂದ ಮೊದಲ ದಿನ ಮಂಡಿಯಲ್ಲಿ ಮೂಟೆ ಬಿಚ್ಚಿದರು. ನಾನು ಸೀನಿದೆ. ಸೀನಿದೆ, ಅಷ್ಟೆ. ಕಾಲಿನ ಮೇಲೆ ಬೆಚ್ಚಗೆ ಹರಿಯಿತು. ಬಗ್ಗಿ ನೋಡಿದರೆ ನೆಲ ಒದ್ದೆ. ಅಯ್ಯೋ ಶಿವನೇ, ಕೈಯಲ್ಲಿದ್ದ ಮಜ್ಜಿಗೆಯ ಚೊಂಬನ್ನು ಬೇಕೆಂದೇ ಅದರ ಮೇಲೆ ಚೆಲ್ಲಿದೆ. ‘ಕಣ್ಣು ಎಲ್ಲಿಟ್ಟಿದೀಯ?’ ಎಂದು ಬೈಸಿಕೊಂಡೆ. ಬೈಗುಳ ಕೇಳಿ ಅಷ್ಟು ಸಮಾಧಾನ ಆದದ್ದು ಜೀವನದಲ್ಲಿ ಅದೇ ಮೊದಲು.

ಅಲ್ಲಿಂದ ಶುರುವಾಯಿತು ನನ್ನ ಕಳ್ಳಾಟ. ಸೀನಿದರೂ ಅದೇ, ಕೆಮ್ಮಿದರೂ ಅದೇ, ನಕ್ಕರಂತೂ ಕೇಳಲೇಬೇಡಿ. ಹಳೆಯ ಬಟ್ಟೆ ಮಡಚಿ ಕಟ್ಟಿಕೊಂಡೆ. ಬಾಯಾರಿದರೂ ನೀರು ಕುಡಿಯಲಿಲ್ಲ. ಮೂಟೆ ಬಿಚ್ಚುವ ಸದ್ದು ಕೇಳಿದರೆ ಹಿತ್ತಲಿಗೆ ಓಡಿ ಮೂಗು ಹಿಂಡಿಕೊಂಡು ನಿಲ್ಲುತ್ತಿದ್ದೆ. ನಮ್ಮನೆಯವರು ತಮಾಷೆಯ ಮಾತು ತೆಗೆದರೆ ‘ಒಲೆ ಮೇಲೆ ಸಾರು ಇದೆ’ ಎಂದು ಎದ್ದುಹೋಗುತ್ತಿದ್ದೆ. ಯಾರಿಗೂ ಹೇಳಲಿಲ್ಲ. ಇಂಥದ್ದು ಲೋಕದಲ್ಲಿ ನನಗೊಬ್ಬಳಿಗೇ ಆಗಿದೆ, ನನ್ನ ಮೈಯೇ ಕೆಟ್ಟುಹೋಯಿತು ಅಂತ ನಂಬಿಬಿಟ್ಟಿದ್ದೆ.

ಇನ್ನು ಹಾಸಿಗೆಯ ಮಾತು. ದಿನವೆಲ್ಲ ಮೂಟೆಗಳ ನಡುವೆ ಕುಂತ ಗಂಡಸಿನ ಮೈಯಲ್ಲಿ, ಮೀಸೆಯಲ್ಲಿ, ಪಂಚೆಯ ಅಂಚಿನಲ್ಲಿ, ಎಲ್ಲೆಲ್ಲೂ ಖಾರದ ಧೂಳು. ಅವರ ಎದೆಗೆ ಮುಖ ಇಟ್ಟರೆ ನನಗೆ ಸೀನು. ಸೀನಿದರೆ ಮಿಕ್ಕದ್ದು. ಒಂದು ಸಲ ಹಾಗೆ ಆಗಿಯೇಹೋಯಿತು. ‘ಮಗು ಮಾಡಿತು ನೋಡ್ರಿ’ ಎಂದೆ. ಅವರು ಸುತ್ತ ನೋಡಿದರು. ಮಗು ಆವತ್ತು ಅಜ್ಜಿಯ ಮಗ್ಗುಲಲ್ಲಿ ಮಲಗಿತ್ತು. ಎದ್ದು ಬೇರೆ ಹಾಸು ತಂದು ಹಾಸಿದರು, ಪುಣ್ಯಾತ್ಮ. ಮಾರನೆಯ ದಿನದಿಂದ ನಾನು ಚಾಪೆ ಸುತ್ತಿಕೊಂಡು ಅಡಿಗೆಮನೆಯಲ್ಲಿ ಮಲಗತೊಡಗಿದೆ.

ಅವರಿಗೆ ಏನು ಹೊಳೆಯಬೇಕು ಹೇಳಿ? ಹತ್ತಿರ ಬಂದರೆ ಹೆಂಡತಿ ಮೂಗು ಮುಚ್ಚಿಕೊಂಡು ಓಡುತ್ತಾಳೆ. ತಮ್ಮ ಮೈಯ ವಾಸನೆಯೇ ಇವಳಿಗೆ ಹೇಸಿಗೆಯಾಗಿದೆ ಅಂತ ಅವರು ತೀರ್ಮಾನ ಮಾಡಿಕೊಂಡರು. ಬೆಳಿಗ್ಗೆ ಪೂಜೆಗೆ ಮೊದಲು ಒಂದು ಸ್ನಾನ ಇದ್ದವರಿಗೆ ಸಂಜೆ ಇನ್ನೊಂದು ಸೇರಿತು. ಸೀಗೆಪುಡಿ ಹಾಕಿ ತಲೆಗಿಂತ ಹೆಚ್ಚಾಗಿ ಎದೆ ಉಜ್ಜಿಕೊಂಡರು. ಗಂಧ ತೇಯ್ದು ಮೆತ್ತಿಕೊಂಡರು. ಕೊನೆಗೆ ಬಟ್ಟೆಗೆಲ್ಲ ಸಾಂಬ್ರಾಣಿ ಹೊಗೆ ಹಾಕಿಕೊಂಡು, ಮದುವಣಿಗನ ಹಾಗೆ ನನ್ನ ಎದುರು ಬಂದು ನಿಂತರು. ಖಾರದ ಧೂಳಿನ ಮೇಲೆ ಸಾಂಬ್ರಾಣಿ ಹೊಗೆ! ನನಗೆ ಬಂದ ಸೀನಿಗೆ ಲೆಕ್ಕವಿಲ್ಲ. ಸೆರಗಿನಿಂದ ಮುಖ ಮುಚ್ಚಿಕೊಂಡು ಓಡಿದೆ. ಅವರು ಅಲ್ಲೇ ನಿಂತು ತಮ್ಮ ತೋಳು ಮೂಸಿ ನೋಡಿಕೊಳ್ಳುತ್ತಿದ್ದರು.

ಅತ್ತೆಯ ಕಣ್ಣಿಗೆ ಬೀಳದೆ ಇರುತ್ತದೆಯೇ? ಸಂಕ್ರಾಂತಿ ಕಳೆಯುತ್ತಲೇ ಜವಳಿ ಅಂಗಡಿಗೆ ಹೋಗಿ ಕೆಂಪಂಚಿನ ಒಂದು ಹೊಸ ಸೀರೆ ತಂದು ಗೂಡಿನಲ್ಲಿ ಇಟ್ಟರು. ನನ್ನನ್ನು ಕರೆದು ತೋರಿಸಿಯೇ ಇಟ್ಟರು. ನಮ್ಮವರಲ್ಲಿ ಗಂಡ ಸತ್ತವಳಿಗೆ ಹೊಸ ಸೀರೆ ಉಡಿಸಿ ಹೆಂಡತಿಯಾಗಿ ಮನೆಗೆ ತಂದುಕೊಳ್ಳುವ ಪದ್ಧತಿ ಉಂಟು, ಉಡಿಕೆ ಅನ್ನುತ್ತಾರೆ. ಹೊಸದುರ್ಗದಲ್ಲಿ ಅವರ ನೆಂಟರ ಪೈಕಿ ಅಂಥವಳೊಬ್ಬಳಿದ್ದಳು, ನನ್ನ ವಯಸ್ಸಿನವಳೇ.

‘ನೋಡೇ,’ ಎಂದರು ಅತ್ತೆ. ‘ನೀನು ಅಡಿಗೆಮನ್ಯಾಗೆ ಮಲಗಾದು, ಅವನು ಹಜಾರದಾಗೆ ಸೂರು ನೋಡ್ಕಂಡು ಬಿದ್ದಿರಾದು. ಇದು ಸಂಸಾರನಾ, ಛತ್ರನಾ? ಯುಗಾದಿವರ್ಗೂ ನೋಡ್ತೀನಿ. ಆಮ್ಯಾಕೆ ಹೊಸದುರ್ಗಕ್ಕೆ ಗಾಡಿ ಕಟ್ಟಿಸ್ತೀನಿ.’

ಅವತ್ತೇ ಮಗನನ್ನೂ ಕೇಳಿದರು. ನಾನು ಬಾಗಿಲ ಹಿಂದೆ ನಿಂತಿದ್ದೆ. ಒಪ್ಪಿಬಿಡುತ್ತಾರೇನೋ ಅಂತ ಕಿವಿಯನ್ನು ಬಾಗಿಲಿಗೇ ಒತ್ತಿದೆ. ಅವರು ಹೇಳಿದರು: ‘ಬ್ಯಾಡ ಕಣವ್ವ. ಪಾಪ, ಆಯಮ್ಮನೂ ಓಡೋಗ್ತಾಳೆ. ನನ್ನ ಮೈ ನಾತ ಅಂಗೈತೆ. ಈ ಮಂಡೀನೇ ಬಿಟ್ಟು ಬೆಲ್ಲದ ವ್ಯಾಪಾರ ಮಾಡಾಣ ಅಂತಿದೀನಿ.’

‘ಬೆಲ್ಲವಾ? ನಿಮ್ಮಪ್ಪ ಕಟ್ಟಿದ ಮಂಡಿ ಮುಚ್ಚಿ ಬೆಲ್ಲ ಮಾರ್ತೀಯೇನೋ? ಇರುವೆ ಮುತ್ಕಂಡ್ರೆ ಅದನ್ನೂ ಬಿಡ್ತೀಯಾ?’ ಎಂದು ಅತ್ತೆ ಕೂಗಾಡಿದರು.

ನನಗೆ ನಗು ಬಂತು. ಅಳುವೂ ಬಂತು. ಎರಡೂ ಒಟ್ಟಿಗೆ ಬಂದು, ಆಮೇಲೆ ಬರಬಾರದ್ದೂ ಬಂತು. ನೆಲದ ಒದ್ದೆ ಕಾಣದಿರಲಿ ಅಂತ ಅಲ್ಲೇ ಕುಳಿತೆ. ಇಷ್ಟು ಒಳ್ಳೆಯ ಗಂಡನನ್ನು ಕಳೆದುಕೊಳ್ಳುತ್ತೇನಲ್ಲ, ಒಂದು ಮಾತು ಹೇಳಲಾರದೆ ಕಳೆದುಕೊಳ್ಳುತ್ತೇನಲ್ಲ ಅಂತ ನನ್ನ ಮೇಲೆ ನನಗೇ ಸಿಟ್ಟು ಬಂತು. ಆದರೂ ಹೇಳಲಿಲ್ಲ. ನಾಚಿಕೆಯಂತೆ ನಾಚಿಕೆ, ಬೆಂಕಿ ಹಾಕಬೇಕು ಅದಕ್ಕೆ.

ಗುಟ್ಟು ಒಡೆದದ್ದು ವರ್ಷದ ಖಾರದಪುಡಿ ಕುಟ್ಟುವ ದಿನ. ಹಿಂದಿನ ವರ್ಷ ತಲೆನೋವು ಅಂತ ತಪ್ಪಿಸಿಕೊಂಡಿದ್ದೆ. ಈ ಸಲ ಅತ್ತೆ ಬಿಡಲಿಲ್ಲ. ಇಬ್ಬರೂ ಮೂಗಿಗೆ ಸೆರಗು ಕಟ್ಟಿಕೊಂಡು ಒರಳಿನ ಎದುರುಬದುರು ನಿಂತು ಒನಕೆ ಹಾಕತೊಡಗಿದೆವು. ಸ್ವಲ್ಪ ಹೊತ್ತು ತಡೆದೆ. ಕಾಲಿಗೆ ಕಾಲು ಹೆಣೆದೆ. ಹಲ್ಲು ಕಚ್ಚಿದೆ. ಆಮೇಲೆ ಬಂತು ನೋಡಿ, ಸಾಲುಸಾಲಾಗಿ. ಒನಕೆ ಒಂದು ಕಡೆ ಬಿತ್ತು, ನಾನು ಒಂದು ಕಡೆ. ಸೀರೆ ಮೊಣಕಾಲಿನವರೆಗೆ ತೊಯ್ದುಹೋಯಿತು. ಚೆಲ್ಲಲು ಕೈಯಲ್ಲಿ ಮಜ್ಜಿಗೆಯೂ ಇರಲಿಲ್ಲ.

ಅತ್ತೆ ಒನಕೆ ನಿಲ್ಲಿಸಿ ನೋಡಿದರು. ನೆಲ ನೋಡಿದರು, ನನ್ನ ಮುಖ ನೋಡಿದರು.

‘ಯಾವಾಗಿಂದ?’

‘ಮೂರನೇದು ಹುಟ್ಟಿದಾಗಿಂದ,’ ಎಂದೆ. ಅತ್ತುಬಿಟ್ಟೆ.

‘ಅದ್ಕಾ ಅಡಿಗೆಮನ್ಯಾಗೆ ಮಲಗಿದ್ದು?’

ತಲೆಯಾಡಿಸಿದೆ. ಆ ಹೆಂಗಸು ಏನು ಮಾಡಬೇಕು? ಒರಳಿನ ಕಟ್ಟೆಯ ಮೇಲೆ ಕುಳಿತು, ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಾ ಸೀನಿದರು, ಸೀನುತ್ತಾ ನಕ್ಕರು. ‘ಇಷ್ಟಕ್ಕಾ! ಇಷ್ಟಕ್ಕಾ ನಾನು ಹೊಸದುರ್ಗದಾಗೆ ಹೆಣ್ಣು ನೋಡಿದ್ದು! ಥೂ ನಿನ್ನ. ಏಳು ಹೆತ್ತೋಳು ನಾನು. ನನಗಾಗ್ದಿರಾದು ನಿನಗೇನು ಆಗೈತೆ? ಬಾಯಿಬಿಟ್ಟು ಹೇಳಾಕೆ ಏನಾಗಿತ್ತೇ?’

ಸೀರೆ ಬದಲಾಯಿಸಿ ಬಾ ಎಂದು ಕಳಿಸಿ, ಬಂದಮೇಲೆ ಕೊಟ್ಟಿಗೆಯಲ್ಲಿ ಕೂಡಿಸಿಕೊಂಡು ಪಾಠ ಶುರುಮಾಡಿದರು. ಅವರ ತವರು ಹರಿಯಬ್ಬೆ. ಅಲ್ಲಿ ಅವರ ಬಾಣಂತನದಲ್ಲಿ ಅವರ ಅಜ್ಜಿ ಹೇಳಿಕೊಟ್ಟದ್ದಂತೆ.

‘ಹಸ ಹಾಲು ಏರಿಸ್ಕಳಾದು ನೋಡಿದೀಯಲ್ಲ? ಕೆಚ್ಚಲು ತುಂಬಿರ್ತೈತೆ, ಹಿಂಡಿದ್ರೆ ಹನಿ ಬರಲ್ಲ. ಒಳಗೆ ಮ್ಯಾಕೆ ಎಳ್ಕಂಡಿರ್ತೈತೆ. ನಮಗೂ ಅಂಥದ್ದೊಂದು ಐತೆ, ಕೆಳಗೆ, ತೊಟ್ಟಿಲ ಬಟ್ಟೆ ಕಟ್ಟಿದಂಗೆ. ಹೆತ್ತು ಹೆತ್ತು ಅದು ಜೋತು ಬೀಳ್ತೈತೆ. ಉಚ್ಚೆ ಹೊಯ್ಯಾಗ ನಡುವೆ ಒಂದ್ ಸಲ ನಿಲ್ಸಿ ನೋಡು. ಯಾವುದು ಎಳೀತೈತೋ ಅದೇ. ಗುರುತು ಸಿಗಾಕೆ ಒಂದ್ ಸಲ ಅಷ್ಟೆ, ದಿನಾ ಅಂಗೆ ಮಾಡಬ್ಯಾಡ. ಆಮ್ಯಾಕೆ ಸುಮ್ನೆ ಕುಂತಾಗ ಮ್ಯಾಕೆ ಎಳ್ಕ, ಬಿಡು. ಎಳ್ಕ, ಬಿಡು. ಹೊಟ್ಟೆ ಬಿಗೀಬ್ಯಾಡ, ಉಸಿರು ಕಟ್ಟಬ್ಯಾಡ.’

‘ಅಷ್ಟೇನಾ ಅತ್ತೆ?’

‘ಅಷ್ಟೇ ಅಲ್ಲ,’ ಎಂದು ಅತ್ತೆ ಹಸುವಿನ ಕಡೆ ತಿರುಗಿ ಕೂತರು. ‘ಅದು ಗಟ್ಟಿಯಾದ್ರೆ ಗಂಡನ ಜೊತೆಗೂ ಸುಖ ಐತೆ. ಅವನಿಗೂ, ನಿನಗೂ. ನಿಮ್ಮ ಮಾವ ಹೊಳಲ್ಕೆರೆ ಸಂತೆಗೆ ಹೋದ್ರೆ ಅಲ್ಲಿ ಉಳೀತಿರಲಿಲ್ಲ. ಎತ್ತು ದಣಿದಿದ್ರೂ ಹೊಡ್ಕಂಡು ಬರ್ತಿದ್ದ. ಯಾಕೆ ಅಂದ್ಕಂಡಿದೀಯ?’

ನಾನು ಏನೂ ಅಂದುಕೊಂಡಿರಲಿಲ್ಲ. ಅಂದುಕೊಳ್ಳುವುದು ಬೇಕಾಗಿಯೂ ಇರಲಿಲ್ಲ. ಗೋಡೆಯ ಮೇಲೆ ವಿಭೂತಿ ಧರಿಸಿ ಗಂಭೀರವಾಗಿ ಕುಳಿತ ಮಾವನವರ ಪಟವಿತ್ತು. ಆಮೇಲೆ ಎಷ್ಟೋ ದಿನ ಅದರ ಮುಂದೆ ದೀಪ ಹಚ್ಚುವಾಗ ನನಗೆ ತಲೆ ಎತ್ತಲು ಆಗಲಿಲ್ಲ.

‘ಅವರಿಗೆ ಮಾತ್ರ ಹೇಳಬೇಡಿ ಅತ್ತೆ,’ ಎಂದೆ.

‘ನಾನ್ಯಾಕೆ ಹೇಳ್ಲಿ? ಗಂಡ ನಿಂದು, ನೀನೇ ಹೇಳು. ಆದ್ರೆ ಒಂದು ತಿಳ್ಕ, ಹೊಸದುರ್ಗದೋರಿಗೆ ಮಾತು ಆಡಿದೀನಿ. ಯುಗಾದಿಗೆ ಏನೋ ಒಂದು ಹೇಳ್ಬೇಕು. ಸೀರೆ ಗೂಡಿನಾಗೇ ಐತೆ.’

ಸಾಧನೆ ಶುರುವಾಯಿತು. ರಾಗಿ ಬೀಸುವಾಗ ಎಳೆ, ರೊಟ್ಟಿ ತಟ್ಟುವಾಗ ಎಳೆ, ಮಗುವಿಗೆ ಹಾಲು ಕೊಡುವಾಗ ಎಳೆ. ನಾನು ಮರೆತರೆ ಅತ್ತೆ ಕೆಮ್ಮಿ ಎಚ್ಚರಿಸುತ್ತಿದ್ದರು. ಮಠದಲ್ಲಿ ಸ್ವಾಮಿಗಳ ಪ್ರವಚನಕ್ಕೆ ಕುಳಿತಾಗಲೂ ಬಿಡಲಿಲ್ಲ. ಮನಸ್ಸನ್ನು ಹಿಡಿದು ನಿಲ್ಲಿಸಬೇಕು ಅಂತ ಅವರು ಅಲ್ಲಿ ಹೇಳುತ್ತಿದ್ದರೆ ಇಲ್ಲಿ ಅತ್ತೆ ಕೆಮ್ಮುವುದು, ನಾನು ಬೇರೇನನ್ನೋ ಹಿಡಿಯುವುದು. ಮುಖದ ಮೇಲೆ ಭಕ್ತಿ ಉಕ್ಕುತ್ತಿತ್ತು ಅಂತ ಕಾಣುತ್ತದೆ, ಪಕ್ಕದವರೊಬ್ಬರು ‘ನಿಮ್ಮ ಸೊಸೆ ಎಷ್ಟು ತಲ್ಲೀನ’ ಎಂದರು. ಅತ್ತೆಯ ಕೆಮ್ಮು ಕೇಳಲಾರದೆ ಇನ್ನೊಬ್ಬರು ಮನೆಗೇ ಬಂದು ಆಡುಸೋಗೆ ಕಷಾಯ ಕೊಟ್ಟುಹೋದರು. ಅತ್ತೆ ಅದನ್ನು ನನಗೆ ಕುಡಿಸಿದರು.

ನಿಧಾನಕ್ಕೆ ಗುಣ ಕಂಡಿತು. ಒಂದು ದಿನ ಮಂಡಿಯ ಬಾಗಿಲಲ್ಲೇ ಸೀನು ಬಂತು, ಎಳೆದು ಹಿಡಿದೆ, ಸೀನಿದೆ, ಒಂದು ಹನಿ ಇಲ್ಲ! ಓಡಿಹೋಗಿ ಅತ್ತೆಯ ಕಿವಿಯಲ್ಲಿ ಹೇಳಿದೆ. ಆವತ್ತು ಮನೆಯಲ್ಲಿ ಪಾಯಸ. ಯಾಕೆ ಪಾಯಸ ಅಂತ ನಮ್ಮನೆಯವರು ಕೇಳಿದರೆ ಅತ್ತೆ ಇನ್ನೊಂದು ಸೌಟು ಬಡಿಸಿದರು.

ಇಲ್ಲಿ ನಾನು ಒಂದು ಎಡವಟ್ಟು ಮಾಡಿದೆ. ಅತ್ತೆ ಹೇಳಿದ್ದು ಎಳ್ಕ, ಬಿಡು. ನಾನು ಎಳೆದುಕೊಂಡೆ, ಬಿಡಲೇ ಇಲ್ಲ. ಬಿಟ್ಟರೆ ಹರಿದೀತು ಅಂತ ಭಯ. ಏಳುವಾಗ, ಕೂರುವಾಗ, ಮಲಗಿದಾಗ ಕೂಡ ಬಿಗಿಹಿಡಿದೇ ಇದ್ದೆ. ಹಲ್ಲೂ ಅದರ ಜೊತೆಗೇ ಕಚ್ಚಿಕೊಳ್ಳುತ್ತಿತ್ತು. ಸಿಪಾಯಿಯ ಹಾಗೆ ನಡೆಯುತ್ತಿದ್ದೆ, ಮಕ್ಕಳು ಹತ್ತಿರ ಬರಲು ಹೆದರುತ್ತಿದ್ದರು.

ಯುಗಾದಿಗೆ ಇನ್ನೇನು ವಾರವಿದೆ ಅನ್ನುವಾಗ ಅತ್ತೆ ಮಕ್ಕಳನ್ನೆಲ್ಲ ಕಟ್ಟಿಕೊಂಡು ಮದಕರಿಪುರದ ತಂಗಿಯ ಮನೆಗೆ ಹೊರಟರು. ‘ಸಂಜೆಗೆ ಬರ್ತೀವಿ,’ ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳಿ, ನನ್ನ ಕಡೆ ಒಂದು ನೋಟ ನೋಡಿ ಹೋದರು. ಮಧ್ಯಾಹ್ನದ ಬಿಸಿಲು. ನಮ್ಮನೆಯವರು ಊಟಕ್ಕೆ ಬಂದರು. ಊಟವಾದ ಮೇಲೆ ನಾನೇ ಕೈ ಹಿಡಿದೆ. ಅವರು ನಂಬಲಾರದೆ ನೋಡಿ, ‘ಸ್ನಾನ ಮಾಡ್ಕಂಡು ಬರ್ಲಾ?’ ಎಂದರು. ಬೇಡ ಬರ್ರಿ ಎಂದೆ.

ಏನು ಹೇಳಲಿ. ಆಗಲಿಲ್ಲ. ನನ್ನ ಮೈ ಒಳಗಿನಿಂದ ಅಗಳಿ ಹಾಕಿಕೊಂಡಂತೆ ಬಿಗಿದುಕೊಂಡಿತ್ತು. ನೋವಿಗೆ ‘ಅಯ್ಯೋ’ ಎಂದೆ. ಅವರು ತಟ್ಟನೆ ಹಿಂದೆ ಸರಿದರು. ಎದ್ದು ಪಂಚೆ ಸುತ್ತಿಕೊಂಡು, ತಲೆ ತಗ್ಗಿಸಿ, ‘ಇರು, ಇನ್ನೊಂದು ಸಲ ಸೀಗೆಪುಡಿ ಹಚ್ಕಂಡು ಬರ್ತೀನಿ’ ಎಂದು ಬಚ್ಚಲಿಗೆ ಹೋದರು. ಒಳಗೆ ನೀರು ಸುರಿದುಕೊಳ್ಳುವ ಸದ್ದು ಕೇಳುತ್ತಿತ್ತು. ಗೂಡಿನಲ್ಲಿ ಕೆಂಪಂಚಿನ ಸೀರೆ ಕಾಣುತ್ತಿತ್ತು. ಆಗ ನನಗೆ ತಡೆಯಲಾಗಲಿಲ್ಲ. ಮೈ ಉಜ್ಜಿ ಉಜ್ಜಿ ಈ ಮನುಷ್ಯ ಚರ್ಮ ಕಿತ್ತುಕೊಳ್ಳುತ್ತಾನೆ, ಇನ್ನೂ ನಾನು ನಾಚಿಕೊಂಡು ಕೂತರೆ ನಾನೊಂದು ಹೆಂಗಸಾ ಅನ್ನಿಸಿತು.

ಬಚ್ಚಲ ಬಾಗಿಲಿಗೆ ಹೋಗಿ ನಿಂತು ಎಲ್ಲ ಹೇಳಿಬಿಟ್ಟೆ. ಸೀನು, ಬಟ್ಟೆ, ಮಜ್ಜಿಗೆ ಚೊಂಬು, ಮಗುವಿನ ಮೇಲೆ ಹೊರಿಸಿದ ಸುಳ್ಳು, ಒರಳು, ಅತ್ತೆಯ ಪಾಠ, ಹಸು, ಎಲ್ಲ. ಅವರು ಮೈಯೆಲ್ಲ ಸೀಗೆನೊರೆ, ಕೈಯಲ್ಲಿ ಚೊಂಬು ಹಿಡಿದು ನಿಂತೇ ಕೇಳಿದರು. ಆಮೇಲೆ ಕೇಳಿದರು.

‘ಅಂಗಾರೆ ನಾತ ಅಲ್ವಾ?’

‘ಅಲ್ಲರೀ.’

‘ಬೆಲ್ಲದ ವ್ಯಾಪಾರ ಬ್ಯಾಡ್ವಾ?’

‘ಬೇಡರೀ.’

ಚೊಂಬು ಕೆಳಗಿಟ್ಟು ಗೋಡೆಗೆ ಒರಗಿದರು. ಕಣ್ಣಲ್ಲಿ ನೀರು ಇತ್ತು, ಸೀಗೆಪುಡಿ ಹೋಗಿತ್ತೋ ಏನೋ ನಾನು ಕೇಳಲಿಲ್ಲ. ಮೈ ಒರೆಸಿಕೊಂಡು ಬಂದು ನನ್ನ ಪಕ್ಕ ಕುಳಿತರು. ದಿನಾ ಬೆಳಿಗ್ಗೆ ಹಸುವಿನ ಹಾಲು ಕರೆಯುತ್ತಿದ್ದವರು ಅವರೇ. ಸ್ವಲ್ಪ ಯೋಚಿಸಿ ಹೇಳಿದರು: ‘ನೀನು ಅರ್ಧ ಪಾಠ ಕಲ್ತಿದೀಯ. ಹಸ ಬರೀ ಏರಿಸ್ಕಂಡೇ ಇದ್ರೆ ಮನ್ಯಾಗೆ ಹಾಲಿರ್ತೈತಾ? ಎಳೆದ್ರೆ ಬಿಡಲ್ಲ ಅದು. ಅವಸರ ಮಾಡಿದ್ರೂ ಬಿಡಲ್ಲ. ಬೆನ್ನು ಸವರಿ ಮಾತಾಡಿಸ್ಬೇಕು.’

‘ಹೇಗೆ ಮಾತಾಡಿಸ್ತೀರಿ?’

ಅವರು ನನ್ನ ಬೆನ್ನು ಸವರುತ್ತಾ, ಕೊಟ್ಟಿಗೆಯಲ್ಲಿ ತೆಗೆಯುವ ದನಿಯನ್ನೇ ತೆಗೆದು, ‘ಬಾ ನನ್ನವ್ವ, ಇಳ್ಸು ನನ್ ತಾಯಿ, ಒದೀಬ್ಯಾಡ ಮಾತಾಯಿ’ ಎಂದರು. ಅರ್ಧಕ್ಕೇ ತಾವೇ ನಕ್ಕುಬಿಟ್ಟರು.

ನಾನು ನಕ್ಕೆ. ವರ್ಷದ ಮೇಲೆ ಕಟ್ಟಿಟ್ಟಿದ್ದ ನಗು ಒಂದೇ ಸಲ ಬಂತು, ಹೊಟ್ಟೆ ನೋಯುವ ಹಾಗೆ ನಕ್ಕೆ. ನಗುವಾಗ ಬಿಗಿಹಿಡಿಯಲು ಆಗುತ್ತದೆಯೇ? ಹಲ್ಲು ಸಡಿಲವಾಯಿತು, ಭುಜ ಸಡಿಲವಾಯಿತು, ಕೆಳಗಿದ್ದ ಗಂಟೂ ಬಿಚ್ಚಿಕೊಂಡಿತು. ಬಿಚ್ಚಿಕೊಂಡರೂ ಏನೂ ಹರಿಯಲಿಲ್ಲ. ಹರಿದಿದ್ದರೂ ಆಗ ನಾನು ಲೆಕ್ಕಕ್ಕಿಡುತ್ತಿರಲಿಲ್ಲ. ಉಸಿರು ಬಿಡುತ್ತಾ ಬಿಡುವುದು, ಬೇಕಾದಾಗ ಮೆಲ್ಲಗೆ ಹಿಡಿಯುವುದು, ಮತ್ತೆ ಬಿಡುವುದು: ಅತ್ತೆ ಹೇಳಿದ ಮಿಕ್ಕರ್ಧ ಆ ಮಧ್ಯಾಹ್ನ ನನಗೆ ತಿಳಿಯಿತು. ಹಿಡಿದಾಗ ಅವರ ಉಸಿರು ಬದಲಾಗುವುದು ನನ್ನ ಕಿವಿಗೆ ಕೇಳುತ್ತಿತ್ತು. ನನ್ನದೂ ಬದಲಾಯಿತು. ಮೂರು ಹೆತ್ತವಳು ನಾನು, ಅಂಥದ್ದೊಂದು ಸುಖ ನನ್ನ ಪಾಲಿಗೂ ಇದೆ ಅಂತ ಅವತ್ತಿನವರೆಗೆ ಗೊತ್ತೇ ಇರಲಿಲ್ಲ. ಮಾವನವರ ಎತ್ತುಗಳು ನೆನಪಾಗಿ ಮತ್ತೆ ನಕ್ಕೆ.

ಅದೇ ಹೊತ್ತಿಗೆ ಅತ್ತೆ, ಸಂಜೆಗೆ ಎಂದಿದ್ದವರು ಬೇಗನೇ ಹೊರಟು, ಮಕ್ಕಳ ಜೊತೆ ಬೀದಿಯ ತುದಿಗೆ ಬಂದಿದ್ದರಂತೆ. ಇದನ್ನು ದೊಡ್ಡ ಮಗಳು ಎಷ್ಟೋ ವರ್ಷದ ಮೇಲೆ ತನ್ನ ಬಾಣಂತನದಲ್ಲಿ ನನಗೆ ಹೇಳಿದಳು. ನನ್ನ ನಗು ಕೇಳಿ ಅಜ್ಜಿ ನಡುಬೀದಿಯಲ್ಲಿ ನಿಂತುಬಿಟ್ಟರಂತೆ. ‘ಅವ್ವ ನಗ್ತೈತೆ’ ಎಂದು ಮಕ್ಕಳು ಮನೆಗೆ ಓಡಲು ಹೊರಟರೆ, ರಟ್ಟೆ ಹಿಡಿದು ತಿರುಗಿಸಿ, ‘ನಗ್ಲಿ ಬಿಡ್ರಿ, ಬರ್ರಿ, ಮಂಡಕ್ಕಿ ತಿನ್ನಾಣ’ ಎಂದು ಸಂತೆಮೈದಾನದ ಕಡೆ ಕರೆದುಕೊಂಡು ಹೋದರಂತೆ. ದೀಪ ಹಚ್ಚುವ ಹೊತ್ತಿಗೆ ಬಂದರು. ಮಕ್ಕಳಿಗೆ ಮಂಡಕ್ಕಿ ತಿಂದು ಹೊಟ್ಟೆನೋವು.

ಮಾರನೆಯ ದಿನ ಹೊಸದುರ್ಗದ ಕಡೆ ಹೋಗುವ ಗಾಡಿಯವನನ್ನು ಅತ್ತೆ ಬಾಗಿಲಲ್ಲಿ ನಿಲ್ಲಿಸಿ, ನಮ್ಮಲ್ಲಿ ಆಗುವುದಿಲ್ಲ, ಆಯಮ್ಮನಿಗೆ ಬೇರೆ ಒಳ್ಳೆಯ ಕಡೆ ನಾನೇ ನೋಡುತ್ತೇನೆ ಅಂತ ಹೇಳಿ ಕಳಿಸಿದರು. ಆಮೇಲೆ ಗೂಡಿನಿಂದ ಆ ಕೆಂಪಂಚಿನ ಸೀರೆ ತೆಗೆದು ನನ್ನ ಮಡಿಲಿಗೆ ಎಸೆದರು.

‘ಉಟ್ಕಳೇ. ಉಡಿಕೆ ನಿನಗೇ ಆಗ್ಲಿ.’

ಯುಗಾದಿಯ ದಿನ ಅದನ್ನೇ ಉಟ್ಟೆ. ಬೇವು ಬೆಲ್ಲ ಕೊಡಲು ಮಂಡಿಗೆ ಹೋದರೆ ನಮ್ಮನೆಯವರು ನನ್ನನ್ನು ನೋಡಿ, ಹಬ್ಬದ ದಿನ ಯಾರೂ ಮುಟ್ಟದ ಮೂಟೆಯೊಂದನ್ನು ಬೇಕೆಂದೇ ಬಿಚ್ಚಿದರು. ಧೂಳು ಎದ್ದಿತು. ಅತ್ತೆ ಒಳಗಿನಿಂದ ಕೆಮ್ಮಿದರು. ನಾನು ಹೊಸ ಸೀರೆಯಲ್ಲಿ, ಬೀದಿಗೆಲ್ಲ ಕೇಳುವ ಹಾಗೆ, ಹೊಟ್ಟೆ ತುಂಬ ಸೀನಿದೆ.